ಮೀಟಿಂಗ್‌ನಲ್ಲಿ ಯಾರೂ ಬಾಯಿ ಬಿಡುತ್ತಿಲ್ಲವೇ? ಮೊದಲು ತಲೆ ಎಣಿಸಿ

ದೋಷದ ಲಕ್ಷಣ

"ಯಾರಾದ್ರೂ ಏನಾದ್ರೂ ಹೇಳೋದಿದೆಯಾ?" ಅಂತ ಅಧ್ಯಕ್ಷರು ಕೇಳುತ್ತಾರೆ. ಎಲ್ಲರೂ ಮೇಜು ನೋಡುತ್ತಾರೆ. ಆನ್‌ಲೈನ್ ಆದರೆ ಕ್ಯಾಮೆರಾ ಆಫ್, ಮೈಕ್ ಮ್ಯೂಟ್. ಯಾವಾಗಲೂ ಮಾತಾಡುವ ಇಬ್ಬರು ಮೂವರು ಈ ಸಲವೂ ಮಾತಾಡುತ್ತಾರೆ. ಹೊಸ ಐಡಿಯಾ ಅಂತ ಬರುವುದು ಹೋದ ವರ್ಷ ಬಿಟ್ಟುಹಾಕಿದ್ದೇ. ಕೊನೆಗೆ "ಸರಿ, ಎಲ್ಲರ ಒಪ್ಪಿಗೆ ಇದೆ" ಅಂತ ನಡಾವಳಿ ಪುಸ್ತಕದಲ್ಲಿ ಬರೆದು ಮುಗಿಸುತ್ತಾರೆ.

ಇನ್ನೊಂದು ಲಕ್ಷಣ ಇದೆ, ಅದನ್ನು ತುಂಬ ಜನ ಗಮನಿಸುವುದಿಲ್ಲ. ಸಭೆ ಮುಗಿದ ಮೇಲೆ ಅದೇ ಜನ ಲಿಫ್ಟ್ ಹತ್ತಿರವೋ ಟೀ ಅಂಗಡಿ ಮುಂದೆಯೋ ನಿಂತು ಅದೇ ವಿಷಯವನ್ನು ಅರ್ಧ ಗಂಟೆ ಚರ್ಚಿಸುತ್ತಾರೆ. ಜೋರಾಗಿ. ಒಳ್ಳೊಳ್ಳೆ ಮಾತು ಹೇಳುತ್ತಾ.

ಅಂದ ಮೇಲೆ "ನಮ್ಮ ಜನಕ್ಕೆ ಆಸಕ್ತಿಯೇ ಇಲ್ಲ" ಅನ್ನುವುದು ತಪ್ಪು ರೋಗನಿರ್ಣಯ. ಆಸಕ್ತಿ ಇಲ್ಲದಿದ್ದರೆ ಲಿಫ್ಟ್ ಹತ್ತಿರ ಯಾಕೆ ನಿಲ್ಲುತ್ತಿದ್ದರು? ಒಳಗೆ ಇದ್ದದ್ದು ಇಪ್ಪತ್ತೆರಡು ಜನ, ಹೊರಗೆ ನಿಂತಿರುವುದು ನಾಲ್ವರು. ಬದಲಾದದ್ದು ಅಷ್ಟೇ. ರಾಬಿನ್ ಡನ್‌ಬಾರ್ ಮತ್ತು ಜೊತೆಗಾರರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನ ತಾವಾಗಿ ನಿಂತು ಹರಟುವ ಗುಂಪುಗಳನ್ನು ನೋಡಿದರು. ಒಂದೇ ಮಾತುಕತೆ ಸುಮಾರು ನಾಲ್ಕು ಜನರವರೆಗೆ ನಿಲ್ಲುತ್ತದೆ, ಅದು ಮೀರಿದರೆ ಎರಡಾಗಿ ಒಡೆಯುತ್ತದೆ ಅನ್ನುವುದು ಅವರಿಗೆ ಕಂಡದ್ದು. ಮುಂದಿನ ಮದುವೆ ಮನೆಯಲ್ಲಿ ಸುಮ್ನೆ ಕೂತು ನೋಡಿ, ಕಾಣಿಸುತ್ತದೆ. ಸಭೆಯಲ್ಲಿ ಹಾಗೆ ಒಡೆಯಲು ನಾವು ಬಿಡುವುದಿಲ್ಲ. "ಪಕ್ಕದಲ್ಲಿ ಮಾತಾಡಬೇಡಿ, ಒಬ್ಬೊಬ್ಬರಾಗಿ ಮಾತಾಡಿ" ಅನ್ನುತ್ತೇವೆ. ದೋಷ ಶುರುವಾಗುವುದೇ ಅಲ್ಲಿ.

ಉದಾಹರಣೆಗೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸಂಘವನ್ನೇ ಇಟ್ಟುಕೊಳ್ಳೋಣ. ಬೇಸಿಗೆ. ಬೋರ್‌ವೆಲ್ ಕೈಕೊಟ್ಟಿದೆ. ಅಜೆಂಡಾದಲ್ಲಿ ಒಂದೇ ವಿಷಯ: ಟ್ಯಾಂಕರ್ ನೀರಿನ ಖರ್ಚು ಇಳಿಸುವುದು ಹೇಗೆ. ಆಫೀಸಿನ ಟೀಮ್ ಮೀಟಿಂಗಿಗೂ, ಶಾಲೆಯ ಎಸ್‌ಡಿಎಂಸಿ ಸಭೆಗೂ, ಊರಿನ ಗಣೇಶೋತ್ಸವ ಸಮಿತಿಗೂ ಮುಂದಿನ ಪರೀಕ್ಷೆಗಳು ಹಾಗೇ ಹೊಂದುತ್ತವೆ.

ಪರೀಕ್ಷೆ 1: ಗೆರೆ ಎಳೆಯಿರಿ

ಒಂದು ಹಾಳೆಯಲ್ಲಿ ಬಂದವರ ಹೆಸರು ಬರೆಯಿರಿ. ಯಾರಾದರೂ ಮಾತಾಡಿದಾಗಲೆಲ್ಲ ಅವರ ಹೆಸರಿನ ಮುಂದೆ ಒಂದು ಗೆರೆ. ಎರಡು ನಿಮಿಷ ದಾಟಿದರೆ ಆ ಗೆರೆಗೆ ಒಂದು ಸುತ್ತು. ಈ ಕೆಲಸ ನಡಾವಳಿ ಬರೆಯುವವರಿಗೆ ಕೊಡಬೇಡಿ, ಅವರಿಗೆ ಕೈ ಬಿಡುವಿರುವುದಿಲ್ಲ. ಹಾಳೆಯನ್ನು ಯಾರಿಗೂ ತೋರಿಸಲೂ ಬೇಡಿ. ತೋರಿಸಿದರೆ ಜಾಸ್ತಿ ಮಾತಾಡುವವರಿಗೆ ಬೇಜಾರು, ಮಾತಾಡದವರಿಗೆ ನಾಚಿಕೆ. ಮುಂದಿನ ಸಲ ಇಬ್ಬರೂ ಬರುವುದಿಲ್ಲ.

ಸಭೆ ಮುಗಿದ ಮೇಲೆ ಹಾಳೆ ನೋಡಿ. ಇಬ್ಬರು ಮೂವರ ಮುಂದೆ ಗೆರೆಗಳ ಗುಡ್ಡೆ, ಉಳಿದ ಕಡೆ ಖಾಲಿ ಇದ್ದರೆ ಜನರ ಸಂಖ್ಯೆಯ ಮೇಲೆ ಅನುಮಾನ ಪಡಿ. ಹಾರ್ವರ್ಡ್‌ನಲ್ಲಿ ರಾಬರ್ಟ್ ಬೇಲ್ಸ್ ಮತ್ತು ಜೊತೆಗಾರರು 1951ರಲ್ಲೇ ಇಂಥ ಲೆಕ್ಕ ಹಾಕಿದ್ದರು. ಮೂವರಿಂದ ಎಂಟು ಜನರವರೆಗಿನ ಗುಂಪುಗಳಲ್ಲಿ, ಗುಂಪು ದೊಡ್ಡದಾದಂತೆ ಅತಿ ಹೆಚ್ಚು ಮಾತಾಡುವವರಿಗೂ ಉಳಿದವರಿಗೂ ನಡುವಿನ ಅಂತರ ಹಿಗ್ಗುತ್ತಾ ಹೋಗಿತ್ತು. ಅಂದರೆ ನಿಮ್ಮ ಸಂಘದ ಕಾರ್ಯದರ್ಶಿ ಬಾಯಾಳಿ ಅಂತಲೇ ಇರಬೇಕಿಲ್ಲ. ಅವರ ಜಾಗದಲ್ಲಿ ಬೇರೆಯವರನ್ನು ಕೂರಿಸಿದರೂ ಇಪ್ಪತ್ತು ಜನರ ನಡುವೆ ಒಬ್ಬರು ಹಾಗೆ ಎದ್ದೇ ಏಳುತ್ತಾರೆ.

ಇನ್ನೊಂದು ಚಿತ್ರವೂ ಸಿಗಬಹುದು. ಎಲ್ಲರೂ ಮಾತಾಡಿದ್ದಾರೆ, ಆದರೆ ಎಲ್ಲ ಮಾತೂ ಅಧ್ಯಕ್ಷರ ಕಡೆಗೇ. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಟ್ಟಿಲ್ಲ. ಇದೂ ಸಂಖ್ಯೆಯ ಗುರುತೇ. ಫೇ, ಗ್ಯಾರೊಡ್, ಕಾರ್ಲೆಟ್ಟಾ ಎಂಬ ಮೂವರು 2000ದಲ್ಲಿ ಐದು ಜನರ ಗುಂಪುಗಳನ್ನೂ ಹತ್ತು ಜನರ ಗುಂಪುಗಳನ್ನೂ ಹೋಲಿಸಿ ನೋಡಿದರು. ಐದು ಜನರಿದ್ದಾಗ ನಡೆದದ್ದು ಮಾತುಕತೆ. ಪ್ರತಿಯೊಬ್ಬರ ಅಭಿಪ್ರಾಯವೂ ತಾವು ಯಾರ ಜೊತೆ ಮಾತಾಡಿದರೋ ಅವರಿಂದ ಬದಲಾಯಿತು. ಹತ್ತು ಜನರಿದ್ದಾಗ ನಡೆದದ್ದು ಒಬ್ಬರಾದ ಮೇಲೆ ಒಬ್ಬರ ಭಾಷಣ. ಎಲ್ಲರ ಅಭಿಪ್ರಾಯವೂ ಅತಿ ಹೆಚ್ಚು ಮಾತಾಡಿದವರ ಕಡೆಗೆ ವಾಲಿತು. ನನಗೆ ಈ ಸಂಗತಿ ಬೇರೆಲ್ಲದಕ್ಕಿಂತ ಮುಖ್ಯ ಅನಿಸುತ್ತದೆ. ಐದರಿಂದ ಹತ್ತಕ್ಕೆ ಹೋದರೆ ಸಭೆ ಸ್ವಲ್ಪ ನಿಧಾನವಾಗುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ನಿಧಾನವಾಗುವುದಿಲ್ಲ, ಅದು ಬೇರೆಯದೇ ಕಾರ್ಯಕ್ರಮ ಆಗಿಬಿಡುತ್ತದೆ.

ಯಾರ ಮುಂದೆಯೂ ಗೆರೆಯೇ ಇಲ್ಲ, ಅಧ್ಯಕ್ಷರೊಬ್ಬರೇ ಓದಿ ಮುಗಿಸಿದರು ಅಂತಾದರೆ ಅದು ಸಭೆಯೇ ಅಲ್ಲ. ವಾಟ್ಸಾಪ್ ಮೆಸೇಜ್ ಸಾಕಿತ್ತು.

ಪರೀಕ್ಷೆ 2: ನಾಲ್ಕು ನಾಲ್ಕು ಮಾಡಿ

ಅನುಮಾನವನ್ನು ಖಚಿತ ಮಾಡಿಕೊಳ್ಳುವುದು ಇಲ್ಲಿ. ಅದೇ ಕೋಣೆ, ಅದೇ ಜನ, ಅದೇ ಪ್ರಶ್ನೆ. "ಪಕ್ಕದಲ್ಲಿರುವವರ ಜೊತೆ ನಾಲ್ಕು ನಾಲ್ಕು ಜನ ಸೇರಿ, ಆರು ನಿಮಿಷ ಮಾತಾಡಿ, ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ" ಅನ್ನಿ. ಗಂಡ ಹೆಂಡತಿ, ಬಾಸು ಮತ್ತು ಅವರ ಕೈಕೆಳಗಿನವರು ಒಂದೇ ಗುಂಪಿನಲ್ಲಿ ಇಲ್ಲದಂತೆ ನೋಡಿಕೊಳ್ಳಿ. ಆಮೇಲೆ ಅಧ್ಯಕ್ಷರನ್ನು ಕಾಫಿಗೆ ಅಂತ ಹೊರಗೆ ಕರೆದುಕೊಂಡು ಹೋಗಿ.

ಒಂದು ನಿಮಿಷದೊಳಗೆ ಕೋಣೆ ಗದ್ದಲವಾದರೆ ನಿಮ್ಮ ದೋಷ ಸಂಖ್ಯೆಯದ್ದು. ಜನ ಸರಿಯಾಗಿದ್ದಾರೆ, ವಿಷಯವೂ ಸರಿಯಾಗಿದೆ. ಮುಂದಿನ ಭಾಗ ಓದಿ. ನಾಲ್ವರಿದ್ದಾಗಲೂ ಎಲ್ಲರೂ ಫೋನ್ ನೋಡುತ್ತಾ ಕೂತರೆ ದೋಷ ಬೇರೆ ಕಡೆ ಇದೆ. ಆಗ ನೇರವಾಗಿ ಕೊನೆಯ ಭಾಗಕ್ಕೆ ಹೋಗಿ.

ಒಳಗೆ ಏನು ಕೆಟ್ಟಿದೆ

ಮೊದಲು ಬರಿಯ ಗಣಿತ. ಒಂದು ಗಂಟೆಯ ಸಭೆಯಲ್ಲಿ ಸ್ವಾಗತ, ಹಿಂದಿನ ನಡಾವಳಿ, ತಡವಾಗಿ ಬಂದವರಿಗೆ ವಿವರಣೆ ಅಂತ ಕಾಲು ಗಂಟೆ ಹೋಯಿತು ಅನ್ನಿ. ಉಳಿದದ್ದು 45 ನಿಮಿಷ. ಐದು ಜನರಿದ್ದರೆ ತಲೆಗೆ 9 ನಿಮಿಷ, ಹದಿನೈದು ಜನರಿದ್ದರೆ 3 ನಿಮಿಷ. ಹಾಗೇ, ಐದು ಜನರ ನಡುವೆ ಇರುವ ಜೋಡಿಗಳು 10, ಹದಿನೈದು ಜನರ ನಡುವೆ 105. ಜನ ಮೂರು ಪಟ್ಟು ಆದರೆ ಜೋಡಿಗಳು ಹತ್ತು ಪಟ್ಟು. ಯಾರಿಗೆ ಯಾರ ಮೇಲೆ ಸಿಟ್ಟು, ಯಾರ ಮುಂದೆ ಯಾವ ಮಾತು ಆಡಬಾರದು ಅನ್ನುವ ಲೆಕ್ಕವೆಲ್ಲ ಈ ಜೋಡಿಗಳಲ್ಲೇ ಇರುತ್ತದೆ.

ಆದರೆ ಐಡಿಯಾಗಳನ್ನು ನಿಜವಾಗಿ ಕೊಲ್ಲುವುದು ಸಮಯದ ಕೊರತೆಗಿಂತ ಕಾಯುವಿಕೆ. ಇದಕ್ಕೊಂದು ಒಳ್ಳೆ ಕಥೆ ಇದೆ. ಅಮೆರಿಕದ ಜಾಹೀರಾತು ಕಂಪನಿ ಬಿಬಿಡಿಒದ ಅಲೆಕ್ಸ್ ಆಸ್‌ಬರ್ನ್ 'ಬ್ರೈನ್‌ಸ್ಟಾರ್ಮಿಂಗ್' ಅನ್ನುವ ಪದ್ಧತಿಯನ್ನು ಜನಪ್ರಿಯ ಮಾಡಿದರು. ಟೀಕೆ ಮಾಡಬೇಡಿ, ತೋಚಿದ್ದೆಲ್ಲ ಹೇಳಿ, ಎಷ್ಟು ಜಾಸ್ತಿ ಆದರೆ ಅಷ್ಟು ಒಳ್ಳೆಯದು, ಒಬ್ಬರ ಐಡಿಯಾ ಮೇಲೆ ಇನ್ನೊಬ್ಬರು ಕಟ್ಟಿ. ಗುಂಪಿನಲ್ಲಿ ಕೂತರೆ ಒಂಟಿಯಾಗಿ ಯೋಚಿಸುವುದಕ್ಕಿಂತ ಎಷ್ಟೋ ಹೆಚ್ಚು ಐಡಿಯಾ ಬರುತ್ತವೆ ಅನ್ನುವುದು ಅವರ ನಂಬಿಕೆ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಟೇಲರ್, ಬೆರಿ, ಬ್ಲಾಕ್ ಇದನ್ನು ಪರೀಕ್ಷೆಗೆ ಒಡ್ಡಿದರು. ಒಟ್ಟಿಗೆ ಕೂತ ನಾಲ್ವರ ಐಡಿಯಾಗಳು ಒಂದು ಕಡೆ. ಬೇರೆ ಬೇರೆ ಕೂತು ಯೋಚಿಸಿದ ನಾಲ್ವರ ಐಡಿಯಾಗಳನ್ನು ಒಟ್ಟು ಹಾಕಿ, ಮರುಕಳಿಸಿದವನ್ನು ಕಳೆದು, ಇನ್ನೊಂದು ಕಡೆ. ಬೇರೆ ಕೂತವರದ್ದು ಸುಮಾರು ಎರಡರಷ್ಟು.

ಯಾಕೆ ಹೀಗೆ? ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಡೀಲ್ ಮತ್ತು ಸ್ಟ್ರೋಬೆ 1987ರಲ್ಲಿ ಇದನ್ನು ಒಂದೊಂದಾಗಿ ಬಿಚ್ಚಿ ನೋಡಿದರು. ಒಂದು ಪ್ರಯೋಗದಲ್ಲಿ ಜನರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಎದುರಿಗೆ ದೀಪಗಳನ್ನು ಇಟ್ಟರು. ಬೇರೊಬ್ಬರು ಮಾತಾಡುತ್ತಿದ್ದರೆ ದೀಪ ಅದನ್ನು ತೋರಿಸುತ್ತಿತ್ತು, ಆಗ ಸುಮ್ಮನಿರಬೇಕು. ಎದುರಿಗೆ ಯಾರೂ ಇಲ್ಲ, ನಾಚಿಕೆ ಇಲ್ಲ, ಮುಖ ನೋಡುವಂತಿಲ್ಲ. ಆದರೂ ಐಡಿಯಾಗಳು ಒಟ್ಟಿಗೆ ಕೂತ ಗುಂಪಿನ ಮಟ್ಟಕ್ಕೇ ಇಳಿದವು. ಸರದಿ ಕಾಯುವುದೊಂದೇ ಸಾಕಾಯಿತು. ಒಂದೇ ನಲ್ಲಿಯ ಮುಂದೆ ಇಪ್ಪತ್ತು ಕೊಡ ಸಾಲಾಗಿ ಇಟ್ಟ ಹಾಗೆ ಇದು. ಕಾಯುತ್ತಾ ನಿಂತಾಗ ನಾವು ಏನು ಮಾಡುತ್ತೇವೆ? ಹೇಳಬೇಕಾದ್ದನ್ನು ಮರೆಯದಂತೆ ಮನಸ್ಸಿನಲ್ಲೇ ಗುಣುಗುಟ್ಟುತ್ತೇವೆ, ಹಾಗಾಗಿ ಹೊಸದು ಹುಟ್ಟುವುದಿಲ್ಲ. ಇಲ್ಲ, ಬೇರೆಯವರ ಮಾತು ಕೇಳುತ್ತೇವೆ, ನಮ್ಮದು ಮರೆತುಹೋಗುತ್ತದೆ. ಇಲ್ಲವೇ ಸರದಿ ಬರುವ ಹೊತ್ತಿಗೆ "ಬಿಡು, ಈಗ ವಿಷಯ ಬೇರೆ ಆಯ್ತು" ಅನಿಸುತ್ತದೆ.

ಎರಡನೆಯದು ಹಗ್ಗದ ಲೆಕ್ಕ. ಹತ್ತು ಜನ ಸೇರಿದಲ್ಲಿ ಹಾವು ಸಾಯಲ್ಲ ಅಂತಾರಲ್ಲ, ಅದನ್ನು ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗಲ್‌ಮನ್ 1880ರ ದಶಕದಲ್ಲೇ ಜನರಿಂದ ಹಗ್ಗ ಎಳೆಸಿ ಅಳೆದು, 1913ರಲ್ಲಿ ಪ್ರಕಟಿಸಿದರು. ಅವರ ಪಟ್ಟಿಯ ಪ್ರಕಾರ ಇಬ್ಬರು ಸೇರಿದರೆ ತಲಾ ಶಕ್ತಿಯ 93 ಶೇಕಡಾ, ಮೂವರಾದರೆ 85, ಎಂಟು ಜನರಾದರೆ 49. ಎಂಟು ಜನ ಸೇರಿ ನಾಲ್ವರ ಕೆಲಸ. ಒಂದೇ ಸಲ ಎಳೆಯಲು ಬಾರದೆ ಶಕ್ತಿ ಪೋಲಾಯಿತು ಅನ್ನಬಹುದಿತ್ತು. 1974ರಲ್ಲಿ ಇಂಗ್‌ಹ್ಯಾಮ್ ಮತ್ತು ಜೊತೆಗಾರರು ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದೆ ನಿಂತವರು ಎಳೆಯುವ ನಾಟಕ ಮಾತ್ರ ಮಾಡುವಂತೆ ಏರ್ಪಾಡು ಮಾಡಿದರು. ಹಿಂದೆ ಜನ ಇದ್ದಾರೆ ಅನ್ನುವ ನಂಬಿಕೆಗೇ ಆ ವ್ಯಕ್ತಿ ಕೈ ಸಡಿಲ ಮಾಡಿದ. ಸೋಮಾರಿತನ ಅಂತ ಬೈಯಬೇಡಿ. ಅಪಾರ್ಟ್‌ಮೆಂಟ್ ಸಭೆಯಲ್ಲಿ ನಾವೆಲ್ಲ ಮಾಡುವುದು ಇದೇ ಅಲ್ವಾ? ಯಾರಾದರೂ ಕೇಳುತ್ತಾರೆ ಬಿಡಿ ಅಂತ ಟ್ಯಾಂಕರ್ ಬಿಲ್ಲನ್ನು ಯಾರೂ ಕೇಳುವುದಿಲ್ಲ.

ಮೂರನೆಯದು ನೀರಿನ ವಿಷಯದಲ್ಲಿ ದುಬಾರಿ ಬೀಳುವಂಥದ್ದು. ದೊಡ್ಡ ಸಭೆಯಲ್ಲಿ ಎಲ್ಲರಿಗೂ ಮೊದಲೇ ಗೊತ್ತಿರುವ ವಿಷಯವೇ ಮತ್ತೆ ಮತ್ತೆ ಬರುತ್ತದೆ: ಟ್ಯಾಂಕರ್‌ನವರು ರೇಟು ಏರಿಸಿದ್ದಾರೆ, ಮಳೆ ಇಲ್ಲ, ಸರ್ಕಾರ ಏನೂ ಮಾಡುತ್ತಿಲ್ಲ. ಬೆಳಗಿನ ಜಾವ ಟ್ಯಾಂಕರ್ ಬಂದಾಗ ಸಂಪ್ ತುಂಬಿ ನೀರು ಚರಂಡಿಗೆ ಹರಿಯುವುದು ನೆಲಮಹಡಿಯ ಅಜ್ಜಿಗೆ ಮಾತ್ರ ಗೊತ್ತು. ಅವರ ಕಿಟಕಿ ಆ ಕಡೆಗಿದೆ. ಸಭೆಯಲ್ಲಿ ಅವರು ಅದನ್ನು ಹೇಳುವುದಿಲ್ಲ. 1985ರಲ್ಲಿ ಸ್ಟ್ಯಾಸರ್ ಮತ್ತು ಟೈಟಸ್ ತೋರಿಸಿದ್ದು ಇದನ್ನೇ: ಗುಂಪು ಚರ್ಚಿಸುವುದು ಎಲ್ಲರಿಗೂ ಗೊತ್ತಿರುವ ಮಾಹಿತಿಯನ್ನು, ಒಬ್ಬರ ಹತ್ತಿರ ಮಾತ್ರ ಇರುವ ಮಾಹಿತಿ ಹೊರಗೆ ಬರುವುದು ಕಡಿಮೆ.

ದುರಸ್ತಿ: ಜನ ಕಡಿಮೆ ಮಾಡುವುದು

ಎಷ್ಟು ಜನ ಸರಿ? ಹ್ಯಾಕ್‌ಮನ್ ಮತ್ತು ವಿಡ್ಮಾರ್ 1970ರಲ್ಲಿ ಬೇರೆ ಬೇರೆ ಅಳತೆಯ ಗುಂಪಿನವರನ್ನು "ನಿಮ್ಮ ಗುಂಪು ಚಿಕ್ಕದಾಯಿತೇ, ದೊಡ್ಡದಾಯಿತೇ?" ಅಂತ ಕೇಳಿ ಲೆಕ್ಕ ಹಾಕಿದಾಗ ಬಂದದ್ದು 4.6. ಆ ಪಾಯಿಂಟ್ ಆರು ಯಾರು ಅಂತ ಕೇಳಬೇಡಿ. ನಾಲ್ಕು ಅಥವಾ ಐದು. ಹೊಸದನ್ನು ಯೋಚಿಸುವ ಸಭೆಗೆ ಇದನ್ನು ಮೀರಬೇಡಿ. ತೀರ್ಮಾನ ಮಾಡುವ ಸಭೆಗೆ ಏಳೆಂಟು ಜನರವರೆಗೆ ತಡೆಯುತ್ತದೆ ಅನ್ನುವುದು ನನ್ನ ಅಂದಾಜು. ಬರೀ ತಿಳಿಸುವುದಾದರೆ ನೂರು ಜನ ಬರಲಿ.

ಹೇಳುವುದು ಸುಲಭ. ನಮ್ಮಲ್ಲಿ ಕಷ್ಟ ಇರುವುದು ಕರೆಯುವ ಪಟ್ಟಿಯಲ್ಲಿ. ಸಭೆಗೆ ಕರೆಯುವುದು ಮರ್ಯಾದೆಯ ವಿಷಯ. ಹೆಸರು ಬಿಟ್ಟರೆ "ನಮ್ಮನ್ನ ಯಾಕೆ ಕರೀಲಿಲ್ಲ?" ಅಂತ ಮುನಿಸು, ಅದು ಮುಂದಿನ ರಾಜ್ಯೋತ್ಸವದ ಚಂದಾ ಕೊಡುವಾಗ ತಲೆ ಎತ್ತುತ್ತದೆ. ಆಫೀಸಿನಲ್ಲೂ ಅಷ್ಟೇ. ಯಾರನ್ನೂ ಬಿಡಲು ಧೈರ್ಯವಿಲ್ಲದ ಮ್ಯಾನೇಜರ್ ಎಲ್ಲರನ್ನೂ ಸೇರಿಸಿ ಇನ್ವೈಟ್ ಕಳಿಸುತ್ತಾರೆ, ಅರ್ಧ ಜನ ಮ್ಯೂಟ್ ಹಾಕಿ ಬೇರೆ ಕೆಲಸ ಮಾಡುತ್ತಾರೆ. ಆದ್ದರಿಂದ ಯಾರನ್ನೂ ಕತ್ತರಿಸಲು ಹೋಗಬೇಡಿ, ಎರಡು ಸಭೆ ಮಾಡಿ. ಮೊದಲು ಐದು ಜನರ ಒಂದು ಕೂಟ, ಯೋಚಿಸುವುದಕ್ಕೆ. ಅದರ ಟಿಪ್ಪಣಿ ಅದೇ ಸಂಜೆ ಎಲ್ಲರಿಗೂ. ಆಮೇಲೆ ಸರ್ವಸದಸ್ಯರ ಸಭೆ, ಒಪ್ಪುವುದಕ್ಕೋ ಬಿಡುವುದಕ್ಕೋ. ಬಿಟ್ಟುಹೋದ ಹಿರಿಯರಿದ್ದರೆ ಮೆಸೇಜ್ ಹಾಕಬೇಡಿ. ಮನೆಗೆ ಹೋಗಿ "ಸರ್, ಇದರ ಬಗ್ಗೆ ನಿಮ್ಮ ಮಾತು ಬೇಕಿತ್ತು" ಅಂತ ಕೇಳಿ. ಹತ್ತು ನಿಮಿಷದಲ್ಲಿ ಅವರು ಕೊಡುವುದು ಸಭೆಯಲ್ಲಿ ಎರಡು ಗಂಟೆಗೂ ಸಿಗುವುದಿಲ್ಲ. ನೆಲಮಹಡಿಯ ಅಜ್ಜಿಯ ಮನೆಗೂ ಹೋಗಿ.

ದೊಡ್ಡ ಗುಂಪು ಒಡೆದು ಚಿಕ್ಕದಾದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ನಾಡಿನಲ್ಲೇ ದೊಡ್ಡ ಉದಾಹರಣೆ ಇದೆ. ಗ್ರಾಮಾಭಿವೃದ್ಧಿ ಕೆಲಸ ಮಾಡುವ ಮೈರಾಡ ಸಂಸ್ಥೆ ಹಳ್ಳಿಗಳಲ್ಲಿ ಕಟ್ಟಿದ್ದ ಸಹಕಾರ ಸಂಘಗಳಲ್ಲಿ ಸುಮಾರು ನೂರು ಜನ ಇರುತ್ತಿದ್ದರು. ಒಬ್ಬಿಬ್ಬರದ್ದೇ ಕಾರುಬಾರು, ಉಳಿದವರಿಗೆ ನಂಬಿಕೆ ಹೋಯಿತು. 1980ರ ದಶಕದ ನಡುವೆ ಅವು ಒಡೆದಾಗ, ಒಬ್ಬರನ್ನೊಬ್ಬರು ಬಲ್ಲವರು ಚಿಕ್ಕ ಚಿಕ್ಕ ಗುಂಪಾಗಿ ಬಂದು ನಿಂತರು. ಸಂಸ್ಥೆ ಆ ಗುಂಪುಗಳನ್ನೇ ಬೆಳೆಸಿತು. ಇವತ್ತಿನ ಸ್ವಸಹಾಯ ಸಂಘಗಳ ಬೇರು ಅಲ್ಲಿದೆ. ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಜನ ಅನ್ನುವ ಮಿತಿ ಆಮೇಲೂ ಉಳಿಯಿತು. ಇಪ್ಪತ್ತು ಯೋಚಿಸುವ ಸಭೆಗೆ ಜಾಸ್ತಿಯೇ. ಆದರೆ ಅಲ್ಲಿ ವಾರ ವಾರ ಎಲ್ಲರೂ ದುಡ್ಡು ಕಟ್ಟಬೇಕು, ಪ್ರತಿ ಹೆಸರಿನ ಮುಂದೆ ಲೆಕ್ಕ ಬರೆಯಬೇಕು. ಹಗ್ಗ ಸಡಿಲ ಬಿಡುವಂತಿಲ್ಲ.

ದುರಸ್ತಿ: ಜನ ಕಡಿಮೆ ಮಾಡಲು ಆಗದಿದ್ದರೆ

ಬಾಯಿ ಮುಚ್ಚಿಸಿ, ಪೆನ್ನು ಕೊಡಿ. ಸಭೆ ಶುರುವಾದ ಕೂಡಲೇ, ಯಾರೂ ಮಾತಾಡುವ ಮುಂಚೆ, ಐದು ನಿಮಿಷ ಎಲ್ಲರೂ ಚೀಟಿಯಲ್ಲಿ ಬರೆಯಲಿ. ಒಂದು ಚೀಟಿಗೆ ಒಂದೇ ಐಡಿಯಾ, ಹೆಸರು ಬೇಡ, ಯಾವ ಭಾಷೆಯಾದರೂ ಸರಿ. ಬೆಂಗಳೂರಿನ ಆಫೀಸುಗಳಲ್ಲಿ ಈ ಕೊನೆಯ ಮಾತು ಹೇಳಿಯೇ ಹೇಳಿ. ಇಂಗ್ಲಿಷ್‌ನಲ್ಲಿ ವಾಕ್ಯ ಜೋಡಿಸಿಕೊಳ್ಳುವ ಹೊತ್ತಿಗೆ ಸರದಿ ತಪ್ಪಿಸಿಕೊಳ್ಳುವವರು ಪ್ರತಿ ಟೀಮಿನಲ್ಲೂ ಇರುತ್ತಾರೆ.

ಇದನ್ನೇ ಇನ್ನೂ ಕಟ್ಟುನಿಟ್ಟಾಗಿ ಮಾಡುವುದು ಜರ್ಮನಿಯ ಬರ್ನ್ಡ್ ರೋರ್‌ಬಾಕ್ 1968ರಲ್ಲಿ ಹೇಳಿದ 6-3-5 ಪದ್ಧತಿ. ಆರು ಜನ, ಪ್ರತಿಯೊಬ್ಬರೂ ಮೂರು ಐಡಿಯಾ, ಐದು ನಿಮಿಷ. ಆಮೇಲೆ ಹಾಳೆ ಪಕ್ಕದವರಿಗೆ. ಆರು ಸುತ್ತು, ಅರ್ಧ ಗಂಟೆ, 108 ಸಾಲು. ಅವುಗಳಲ್ಲಿ ತುಂಬ ಹೊಟ್ಟು ಇರುತ್ತದೆ, ಇರಲಿ. ಕಾಯುವವರು ಯಾರೂ ಇಲ್ಲ ಅನ್ನುವುದೇ ಇದರ ಬಲ.

ಆನ್‌ಲೈನ್ ಸಭೆಯಲ್ಲಿ ಚಾಟ್ ಬಾಕ್ಸ್ ಇದೇ ಕೆಲಸ ಮಾಡುತ್ತದೆ. ಎಲ್ಲರೂ ಟೈಪ್ ಮಾಡಿಟ್ಟುಕೊಳ್ಳಿ, "ಈಗ" ಅಂದಾಗ ಒಟ್ಟಿಗೆ ಕಳಿಸಿ. ಮೊದಲು ಕಳಿಸಿದವರನ್ನು ನೋಡಿ ಉಳಿದವರು "+1" ಹಾಕುವುದು ತಪ್ಪುತ್ತದೆ. ಕಂಪ್ಯೂಟರ್‌ನಲ್ಲಿ ಒಟ್ಟಿಗೆ ಟೈಪ್ ಮಾಡುವ ಗುಂಪುಗಳ ಮೇಲೆ ಗ್ಯಾಲಪ್ ಮತ್ತು ಜೊತೆಗಾರರು 1992ರಲ್ಲಿ ಮಾಡಿದ ಪ್ರಯೋಗಗಳಲ್ಲಿ, ಗುಂಪು ದೊಡ್ಡದಾದಂತೆ ಲಾಭವೂ ಹೆಚ್ಚಿತ್ತು. ಹಾಗಾಗಿ ಸಂಖ್ಯೆಯೊಂದೇ ಕೆಟ್ಟದ್ದಲ್ಲ, ಸಂಖ್ಯೆ ಮತ್ತು ಒಂದೇ ಬಾಯಿ ಸೇರಿದಾಗ ಕೆಡುತ್ತದೆ. 1907ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಇಂಗ್ಲೆಂಡಿನ ಪ್ಲಿಮತ್ ಜಾತ್ರೆಯ ಎತ್ತಿನ ತೂಕ ಊಹಿಸುವ ಪಂದ್ಯದ 787 ಚೀಟಿಗಳನ್ನು ಲೆಕ್ಕ ಹಾಕಿದಾಗ, ನಟ್ಟನಡುವಿನ ಅಂದಾಜು 1207 ಪೌಂಡ್, ನಿಜವಾದ ತೂಕ 1198. ಅವರೆಲ್ಲರನ್ನೂ ಒಂದು ಹಾಲ್‌ನಲ್ಲಿ ಕೂರಿಸಿ ಮೈಕು ಕೊಟ್ಟಿದ್ದರೆ ಊರ ಗೌಡರು ಹೇಳಿದ ತೂಕವೇ ಬರುತ್ತಿತ್ತು.

ಇಷ್ಟಾದರೂ ಮಾತು ಬರದಿದ್ದರೆ

ಎರಡನೇ ಪರೀಕ್ಷೆಯಲ್ಲಿ ನಾಲ್ವರೂ ಸುಮ್ಮನಿದ್ದರೆ ಈ ಮೂರನ್ನು ನೋಡಿ.

ಮೇಲಿನವರು ಮೊದಲು ಮಾತಾಡುತ್ತಾರಾ? ಹಾಗಿದ್ದರೆ ಅವರನ್ನು ಕೊನೆಗೆ ಇಡಿ. ಕಿರಿಯರಿಂದ ಶುರು ಮಾಡಿ. ಬ್ರೈನ್‌ಸ್ಟಾರ್ಮಿಂಗ್ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿದ 1991ರ ಒಂದು ವಿಮರ್ಶೆಯಲ್ಲೂ, ಪ್ರಯೋಗ ನಡೆಸುವವರು ಕೋಣೆಯಲ್ಲಿ ಇದ್ದಾಗ ನಷ್ಟ ಹೆಚ್ಚಿತ್ತು.

ತೀರ್ಮಾನ ಮೊದಲೇ ಆಗಿದೆಯಾ? ಟ್ಯಾಂಕರ್ ಕಾಂಟ್ರಾಕ್ಟ್ ಹೋದ ವಾರವೇ ಕೊಟ್ಟಾಗಿದ್ದರೆ ಸಲಹೆ ಕೇಳುವುದು ಬರೀ ಶಾಸ್ತ್ರ. ಜನಕ್ಕೆ ಅದು ಗೊತ್ತಾಗುತ್ತದೆ. ಇದಕ್ಕೆ ದುರಸ್ತಿ ಇಲ್ಲ. ನೇರವಾಗಿ "ಇದು ಆಗಿದೆ, ತಿಳಿಸುತ್ತಿದ್ದೇವೆ" ಅಂದುಬಿಡಿ.

ಮೂರನೆಯದನ್ನು ಹಳೆಯ ನಡಾವಳಿ ಪುಸ್ತಕದಲ್ಲಿ ಹುಡುಕಬೇಕು. ಹಿಂದಿನ ಸಭೆಗಳಲ್ಲಿ ಸಲಹೆ ಕೊಟ್ಟವರ ಹೆಸರಿಗೇ ಆ ಕೆಲಸವನ್ನೂ ಹಚ್ಚಲಾಗಿದೆಯಾ ನೋಡಿ. "ಒಳ್ಳೆ ಐಡಿಯಾ, ನೀವೇ ಮಾಡಿ" ಅನ್ನುವ ಮಾತು ನಮ್ಮ ಸಮಿತಿಗಳಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ಅಂದರೆ, ಕೆಲಸ ಬೇಡದವರು ಬಾಯಿ ಮುಚ್ಚಿಕೊಳ್ಳುವುದನ್ನು ಎರಡೇ ಸಭೆಯಲ್ಲಿ ಕಲಿಯುತ್ತಾರೆ. ಸಂಪ್‌ಗೆ ಫ್ಲೋಟ್ ವಾಲ್ವ್ ಹಾಕಿಸಿ ಅಂತ ಹೇಳಿದವರೇ ಪ್ಲಂಬರ್ ಹಿಂದೆ ಅಲೆಯಬೇಕಾದರೆ ಯಾರು ಹೇಳುತ್ತಾರೆ? ಐಡಿಯಾ ಕೇಳುವ ದಿನ ಕೆಲಸ ಹಂಚಬೇಡಿ. ಅದನ್ನು ಬೇರೆ ದಿನಕ್ಕೆ ಇಡಿ. ಆ ದಿನದ ಪಟ್ಟಿಯಲ್ಲಿ, ಚೀಟಿ ಯಾರದ್ದು ಅಂತ ಗೊತ್ತಿದ್ದರೂ, ಆ ಕೆಲಸವನ್ನು ಬೇರೊಬ್ಬರ ಹೆಸರಿಗೆ ಬರೆಯಿರಿ.